‘ಒಂದೆರಡು ಕಡೆ’ ಎಂದರೆ ಎಷ್ಟು ಕಡೆ?

ಮಕ್ಕಳ ಪರೀಕ್ಷೆಗಳು ಮುಗಿಯುತ್ತ ಬಂದುವೆಂದರೆ ನಮ್ಮ ಹೊರನಾಡ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಏಳುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೇಟು ಸಿಕ್ಕಿತೆ, ಮತ್ಸ್ಯಗಂಧಕ್ಕೆ ಸಿಕ್ಕಿತೆ ಎಂಬ ವಿಚಾರಣೆಯ ಬೆನ್ನಿಗೇ ಇನ್ನೊಂದು ವಿಚಾರಣೆ: ಊರಲ್ಲಿ ಬಿಸಿಲು ಹೇಗಿದೆ? ಫೋನು ಮಾಡಿ ಕೇಳಿದರೆ ಅತ್ತಲಿಂದ ಬರುವ ಉತ್ತರ ವರ್ಷ ವರ್ಷವೂ ಒಂದೇ. “ಏನು ಬಿಸಿಲೋ ತಮ್ಮಾ, ಹೊರಗ ಕಾಲಿಡಾಕ ಬರಂಗಿಲ್ಲ. ಸಂಜೀಕ ಒಂದು ಮಳಿ ಆದರ ಆತು, ಇಲ್ಲಾಂದರ ಇಲ್ಲ.”

ಹವಾಮಾನ ಇಲಾಖೆಯವರು ಹೇಳುವುದೂ ಹೆಚ್ಚು ಕಡಮೆ ಇದನ್ನೇ. “ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ.” ಈ ವಾಕ್ಯವನ್ನು ಆಕಾಶವಾಣಿಯ ಪ್ರದೇಶ ಸಮಾಚಾರದ ಕೊನೆಗೆ ಕೇಳುತ್ತ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಕೇಳಿ ನಗುವವರೂ ಇದ್ದಾರೆ. ಒಂದೆರಡು ಕಡೆ ಮಳೆ ಬಂದೀತು ಎಂದು ಹೇಳಲು ಇಲಾಖೆಯೇ ಬೇಕೆ, ನಾವೂ ಹೇಳಬಲ್ಲೆವಲ್ಲ ಎಂದು ಹಾಸ್ಯ ಮಾಡುವುದುಂಟು. ಆದರೆ ಈ ಮಾತು ಬಾಯಿಗೆ ಬಂದಂತೆ ಆಡಿದ್ದಲ್ಲ. ಅದಕ್ಕೆ ಗೊತ್ತಾದ ಲೆಕ್ಕವಿದೆ. ಒಂದು ವಿಭಾಗದಲ್ಲಿರುವ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಂಡರೆ ಅದು ‘ಒಂದೆರಡು ಕಡೆ’. 26ರಿಂದ 50ರವರೆಗೆ ‘ಕೆಲವು ಕಡೆ’. 51ರಿಂದ 75ರವರೆಗೆ ‘ಹಲವು ಕಡೆ’. ಅದಕ್ಕೂ ಮೀರಿದರೆ ‘ಬಹುತೇಕ ಎಲ್ಲ ಕಡೆ’. ಅಂದಮೇಲೆ ‘ಒಂದೆರಡು ಕಡೆ’ ಎಂಬ ಮುನ್ಸೂಚನೆ ಪೂರ್ತಿ ನಿಜವಾದ ದಿನವೂ ನಾಲ್ಕರಲ್ಲಿ ಮೂರು ಊರುಗಳು ಒಣಗಿಯೇ ಇರಬಹುದು! ಆ ಮೂರರಲ್ಲಿ ನಮ್ಮದೂ ಒಂದಾದರೆ ಇಲಾಖೆಯ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ.

ಇದಲ್ಲದೆ ‘ಸಂಭವ’ ಎಂಬುದಕ್ಕೂ ಬೇರೆಯೊಂದು ಅಳತೆಯಿದೆ. ಇಲಾಖೆಯ ಇಂಗ್ಲಿಷ್ ಪ್ರಕಟಣೆಗಳಲ್ಲಿ ‘ಲೈಕ್ಲಿ’ ಎಂದು ಬರೆದಿದ್ದರೆ ಸಂಭವ ನೂರಕ್ಕೆ 25ರಿಂದ 50ರಷ್ಟು. ‘ವೆರಿ ಲೈಕ್ಲಿ’ ಎಂದಿದ್ದರೆ 50ರಿಂದ 75ರಷ್ಟು. ಎಷ್ಟು ಕಡೆ ಎಂಬುದು ಒಂದು ಪ್ರಶ್ನೆ, ಬರುವುದು ಎಷ್ಟು ಖಚಿತ ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಬೆರೆಸಿ ಓದುವುದರಿಂದಲೇ ನಮ್ಮ ಜನ ಹವಾಮಾನ ವರ್ತಮಾನವನ್ನು ಪಂಚಾಂಗದ ವರ್ಷಫಲದ ಸಾಲಿಗೆ ಸೇರಿಸಿಬಿಟ್ಟಿದ್ದಾರೆ.

ಇನ್ನು ವಿಭಾಗ ಎಂದೆವಲ್ಲ, ಅದನ್ನೂ ತಿಳಿದಿರಬೇಕು. ಇಲಾಖೆ ನಮ್ಮ ದೇಶವನ್ನು 36 ಹವಾಮಾನ ಉಪವಿಭಾಗಗಳಾಗಿ ಹಂಚಿಕೊಂಡಿದೆ. ಕರ್ನಾಟಕದ ಪಾಲಿಗೆ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಮುಂಬಯಿಯಲ್ಲಿರುವ ನಾವು ‘ಕೊಂಕಣ ಮತ್ತು ಗೋವಾ’ದವರು, ಪುಣೆಯ ಬಂಧುಗಳು ‘ಮಧ್ಯ ಮಹಾರಾಷ್ಟ್ರ’ದವರು. ಧಾರವಾಡ, ವಿಜಯಪುರ, ಕಲಬುರಗಿಯವರು ಉತ್ತರ ಒಳನಾಡಿನ ಸಾಲನ್ನು ನೋಡಬೇಕು. ಮೈಸೂರು, ಹಾಸನ, ಶಿವಮೊಗ್ಗದವರು ದಕ್ಷಿಣ ಒಳನಾಡಿನದನ್ನು. ಶಿರಸಿಯವರು ಮಾತ್ರ ಸಮುದ್ರ ಕಾಣದಿದ್ದರೂ ಕರಾವಳಿಯ ಸಾಲಿನಲ್ಲಿಯೇ ತಮ್ಮನ್ನು ಹುಡುಕಿಕೊಳ್ಳಬೇಕು, ಏಕೆಂದರೆ ಉತ್ತರ ಕನ್ನಡ ಜಿಲ್ಲೆ ಇಡಿಯಾಗಿ ಆ ವಿಭಾಗಕ್ಕೆ ಸೇರಿದೆ. ನಮ್ಮ ಮೊಬೈಲು ನಾವಿದ್ದ ಜಾಗದ ಹವೆಯನ್ನು ತಾನಾಗಿ ತೋರಿಸುತ್ತದೆ. ತಾಯಿತಂದೆಗಳಿರುವ ಊರಿನದನ್ನು ನಾವೇ ಕೇಳಬೇಕು. ನಾವು ಈ ಲೇಖನ ಬರೆಯಲು ಹೊರಟದ್ದೂ ಇದಕ್ಕಾಗಿಯೇ. ಇರುವ ಊರಿನ ಆಕಾಶವನ್ನು ನೋಡಿ ಹುಟ್ಟಿದ ಊರಿನ ಬೇಸಗೆಯನ್ನು ಊಹಿಸುವ ಹಾಗಿಲ್ಲ.

ಏಕೆ ಹಾಗಿಲ್ಲವೆಂಬುದನ್ನು ಸ್ವಲ್ಪ ವಿವರಿಸೋಣ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಂಜೆಯ ಗುಡುಗುಮಳೆ ಹೊಸದಲ್ಲ; ಮೇ ಒಂದೇ ತಿಂಗಳಿನಲ್ಲಿ ಅಲ್ಲಿ ಸರಾಸರಿ 100 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಕೊಡಗು ಚಿಕ್ಕಮಗಳೂರುಗಳಲ್ಲಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಬೀಳುವ ಹೂಮಳೆಯನ್ನು ನಂಬಿ ಕಾಫಿ ಗಿಡ ಅರಳುತ್ತದೆ. ಉತ್ತರ ಕರ್ನಾಟಕದಲ್ಲಿ ಇದೇ ಅಡ್ಡಮಳೆ. ಪುಣೆಯ ಮರಾಠಿ ನೆರೆಯವರ ಬಾಯಲ್ಲಿ ‘ವಳೀವ’. ಆದರೆ ಮುಂಬಯಿಯಲ್ಲಿ ಸಾಧಾರಣವಾಗಿ ಮೇ ಕೊನೆಯವರೆಗೂ ಒಂದು ಹನಿಗೆ ಬಾಯಿ ಬಿಡಬೇಕು. ಸಮುದ್ರ ಪಕ್ಕದಲ್ಲೇ ಇದೆ, ಮೈಯೆಲ್ಲ ಬೆವರಿನಿಂದ ತೊಯ್ದಿದೆ, ಗಾಳಿಯಲ್ಲಿ ನೀರಿಗೆ ಕೊರತೆಯಿಲ್ಲ, ಆದರೂ ಮಳೆಯಿಲ್ಲ!

ಗುಡುಗಿನ ಮೋಡ ಕಟ್ಟಲು ನೆಲ ಕಾಯಬೇಕು, ಕಾದ ಗಾಳಿ ಮೇಲೇರಬೇಕು, ಏರುವ ಗಾಳಿಯಲ್ಲಿ ನೀರಿನಂಶ ಇರಬೇಕು, ಮತ್ತು ಅದು ಹತ್ತು ಹನ್ನೆರಡು ಕಿಲೋಮೀಟರು ಎತ್ತರಕ್ಕೆ ಏರಲು ದಾರಿ ತೆರವಾಗಿರಬೇಕು. ಮುಂಬಯಿಯಲ್ಲಿ ಕಡಲ ಗಾಳಿ ನೆಲದ ಬಳಿ ತೆಳುವಾಗಿ ಹಾಸಿಕೊಂಡಿರುತ್ತದೆ. ಅದರ ಮೇಲೆ ಉತ್ತರ, ವಾಯವ್ಯಗಳಿಂದ ಬಂದ ಒಣ ಬಿಸಿಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಕೆಳಗಿನ ತೇವ ಕೆಳಗೇ ಉಳಿದು ನಮ್ಮನ್ನು ಬೇಯಿಸುತ್ತದೆ. ಒಳನಾಡಿನ ಕಥೆ ಬೇರೆ. ಬಂಗಾಳ ಉಪಸಾಗರದ ಕಡೆಯಿಂದ ಬರುವ ತೇವದ ಗಾಳಿಯೂ ಪಶ್ಚಿಮ, ವಾಯವ್ಯದ ಒಣಗಾಳಿಯೂ ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡು, ಕೇರಳದವರೆಗೆ ಒಂದು ಗೆರೆಯ ಉದ್ದಕ್ಕೆ ಸಂಧಿಸುತ್ತವೆ. ಬೇಸಗೆಯ ಹವಾಮಾನ ಪ್ರಕಟಣೆಗಳಲ್ಲಿ ಈ ಗೆರೆಯ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಗೆರೆ ಒಂದು ದಿನ ಪೂರ್ವಕ್ಕೆ ಸರಿದರೆ ಹೈದರಾಬಾದಿನ ಕಡೆ ಗುಡುಗು. ಪಶ್ಚಿಮಕ್ಕೆ ಸರಿದರೆ ಬೆಳಗಾವಿ, ಕೊಲ್ಲಾಪುರಗಳ ಕಡೆ ಆಲಿಕಲ್ಲು. ಮಧ್ಯಾಹ್ನ ಎಷ್ಟು ಸುಟ್ಟಿತೋ ಸಂಜೆ ಅಷ್ಟು ಗುಡುಗೀತು ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದರಲ್ಲಿ ಹುರುಳಿದೆ, ಗಾಳಿಯಲ್ಲಿ ತೇವವಿದ್ದ ದಿನ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ಹಿರಿಯರು ಮಳೆಯನ್ನು ಸೂರ್ಯನ ನಕ್ಷತ್ರದಿಂದ ಎಣಿಸುತ್ತಾರಷ್ಟೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಗಳು ಹೊಲಮನೆಯಿದ್ದವರಿಗೆಲ್ಲ ಬಾಯಿಪಾಠ. ಈಗ ಮದರಾಸಿನ ನಮ್ಮ ಬಂಧುಗಳನ್ನು ಕೇಳಿರಿ. ಸೂರ್ಯ ಇದೇ ಭರಣಿಯ ಉತ್ತರಾರ್ಧದಿಂದ ಕೃತ್ತಿಕೆಯನ್ನು ದಾಟುವ ದಿನಗಳು ಚೆನ್ನೈಯಲ್ಲಿ ‘ಅಗ್ನಿ ನಕ್ಷತ್ರ’. ಮೇ ಮೊದಲ ವಾರದಿಂದ ಕೊನೆಯ ವಾರದವರೆಗೆ ಶುಭಕಾರ್ಯಗಳನ್ನೂ ಮುಂದೂಡುವಷ್ಟು ಬಿಸಿಲು. ದೆಹಲಿಯವರನ್ನು ಕೇಳಿದರೆ ಸೂರ್ಯ ರೋಹಿಣಿಗೆ ಬಂದ ಮೊದಲ ಒಂಬತ್ತು ದಿನ ‘ನೌತಪಾ’, ಒಂಬತ್ತು ದಿನದ ಕಾವು. ನಕ್ಷತ್ರ ಅದೇ, ಸೂರ್ಯ ಅವನೇ. ನಮ್ಮ ರೈತನಿಗೆ ಅದು ಬಿತ್ತನೆಯ ಮಳೆ, ಅವರಿಗೆ ಬೆಂಕಿ. ಆಯಾ ನೆಲದವರು ತಮ್ಮ ತಮ್ಮ ಆಕಾಶವನ್ನು ತಲೆಮಾರುಗಟ್ಟಲೆ ನೋಡಿ ಹೆಸರಿಟ್ಟಿದ್ದಾರೆ. ಒಬ್ಬರ ಹೆಸರನ್ನು ಇನ್ನೊಬ್ಬರ ಊರಿಗೆ ಒಯ್ದರೆ ಹೊಂದುವುದಿಲ್ಲ.

ಬಿಸಿಲಿಗೂ ಇದೇ ನ್ಯಾಯ. ಇಲಾಖೆಯವರ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಉಷ್ಣಮಾನ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿದ್ದರೆ ಮಾತ್ರ ಅದು ಉಷ್ಣ ಅಲೆ. ಕರಾವಳಿಗೆ ಈ ಮಿತಿ 37. ವಾಡಿಕೆ ಏನೇ ಇರಲಿ, 45 ಮುಟ್ಟಿದರೆ ಉಷ್ಣ ಅಲೆಯೇ. ಈ ಅಂಕಿಗಳನ್ನು ತೆಗೆಯುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತವನ ಪಾಡು ಆ ಅಂಕಿಗಿಂತ ಕಠಿಣ ಎಂಬುದನ್ನು ಹೇಳಬೇಕಾಗಿಲ್ಲ. ಅಂಕಿಯೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ಎಂದು ದಾಖಲಾಗಿ ದೇಶವೆಲ್ಲ ಬೆಚ್ಚಿಬಿದ್ದಿತ್ತು. ಪರೀಕ್ಷಿಸಿ ನೋಡಿದಾಗ ಆ ಯಂತ್ರ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತೆಂದು ಇಲಾಖೆಯೇ ಹೇಳಿತು. ಮೂರು ಕಳೆದರೂ ಉಳಿದದ್ದು ಹತ್ತಿರ ಹತ್ತಿರ ಐವತ್ತು. ದೆಹಲಿಯ ಬಂಧುಗಳಿಗೆ ಅದರಿಂದ ಸಮಾಧಾನವೇನೂ ಆಗಿರಲಾರದು.

ಅಂಕಿಗಿಂತ ಮುಖ್ಯವಾದದ್ದು ಗಾಳಿಯ ತೇವ. ನಮ್ಮ ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಮಣ್ಣಿನ ಗಡಿಗೆಯ ಹೊರಮೈ ಜಿನುಗಿ ಆರಿದರೇ ಒಳಗಿನ ನೀರು ತಂಪಾಗುವುದಲ್ಲವೆ? ವಿಜಯಪುರದಲ್ಲಿ, ಪುಣೆಯಲ್ಲಿ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಂತಿರುತ್ತದೆ. ಅದೇ ಗಡಿಗೆಯನ್ನು ಮುಂಬಯಿಗೋ ಮಂಗಳೂರಿಗೋ ತಂದಿಟ್ಟರೆ ನೀರು ಅಷ್ಟು ತಣಿಯುವುದಿಲ್ಲ. ಗಡಿಗೆಗೆ ಆದ ಗತಿಯೇ ಮನುಷ್ಯನಿಗೂ. ದೆಹಲಿಯಲ್ಲಿ ಲಾವಂಚದ ತಟ್ಟಿಯೂ ನೀರಿನ ಕೂಲರೂ ಸೊಗಸಾಗಿ ಕೆಲಸ ಮಾಡುತ್ತವೆ, ಕಲಬುರಗಿಯಲ್ಲಿಯೂ ಮಾಡುತ್ತವೆ. ಉಡುಪಿಯ ಮನೆಗೆ ಕೂಲರು ಕಳಿಸಿದರೆ ಕೋಣೆಯ ಸೆಕೆ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಮುದುಕರಿಗೆಂದು ಪ್ರೀತಿಯಿಂದ ಕೊಟ್ಟ ವಸ್ತು ಹೀಗೆ ಮೂಲೆ ಸೇರುವುದುಂಟು.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಒಂದು ದೊಡ್ಡ ಬಯಲು ಸಮಾರಂಭ ನಡೆಯಿತು. ಲಕ್ಷಗಟ್ಟಲೆ ಜನ ನೆತ್ತಿಯ ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತಿದ್ದರು. ಅಂದಿನ ಉಷ್ಣಮಾನ 38ರ ಆಸುಪಾಸು. ಕಲಬುರಗಿ, ರಾಯಚೂರಿನವರು ಇದೊಂದು ಬಿಸಿಲೇ ಎಂದಾರು. ಆದರೆ ಆ ದಿನ ಬಿಸಿಲ ಬೇಗೆಯಿಂದ ಹತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಕಡಲ ಮಗ್ಗುಲಿನ ತೇವದ ಗಾಳಿಯಲ್ಲಿ 38 ಎಂದರೆ ಒಣನಾಡಿನ 38 ಅಲ್ಲ.

ಆದಕಾರಣ ಊರಿಗೆ ಫೋನು ಮಾಡಿದಾಗ ಎಷ್ಟು ಡಿಗ್ರಿ ಎಂದು ಕೇಳುವುದರ ಜೊತೆಗೆ ರಾತ್ರಿ ನಿದ್ರೆ ಬಂತೇ ಎಂದೂ ಕೇಳಬೇಕು. ಹಗಲಿನ ಕಾವು ರಾತ್ರಿ ಇಳಿಯದಿದ್ದರೆ ವಯಸ್ಸಾದವರ ದೇಹಕ್ಕೆ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮುಪ್ಪಿನಲ್ಲಿ ಬಾಯಾರಿಕೆಯೂ ಮಂದವಾಗುತ್ತದೆ. ನೀರಡಿಕೆಯಾಗಲಿಲ್ಲ ಎಂದು ಅಜ್ಜಿ ಹೇಳಿದರೆ ನೀರು ಬೇಡವೆಂದು ಅರ್ಥವಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆ, ರಾಮನವಮಿಯ ಪಾನಕ, ಕರಾವಳಿಯ ಪುನರ್ಪುಳಿಯ ಶರಬತ್ತು, ರಾಗಿ ಅಂಬಲಿ, ಇವೆಲ್ಲ ಹೊತ್ತುಹೊತ್ತಿಗೆ ಹೊಟ್ಟೆಗೆ ಹೋಗಬೇಕು. ರಕ್ತದೊತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುವವರು ಬೇಸಗೆಯ ಆರಂಭದಲ್ಲಿಯೇ ವೈದ್ಯರನ್ನು ಒಮ್ಮೆ ಕಂಡು ಉಪ್ಪು ನೀರಿನ ಪ್ರಮಾಣ ಕೇಳಿಕೊಳ್ಳುವುದು ಲೇಸು. ಬಿಸಿಲಿನಲ್ಲಿದ್ದವರು ತೊದಲತೊಡಗಿದರೆ, ಗಲಿಬಿಲಿಗೊಂಡರೆ, ಮೈ ಕೆಂಡದಂತೆ ಸುಟ್ಟರೆ ಅದು ಬರಿಯ ದಣಿವಲ್ಲ. ನೆರಳಿಗೆ ಒಯ್ದು, ಬಟ್ಟೆ ಸಡಲಿಸಿ, ಮೈಮೇಲೆಲ್ಲ ನೀರು ಹೊಯ್ದು ಗಾಳಿ ಬೀಸುತ್ತ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹೊಯ್ಯಬಾರದು.

ಸಂಜೆಯ ಗುಡುಗಿಗೆ ಬರೋಣ. ಬೇಸಗೆಯ ಗುಡುಗುಮೋಡ ಬಹಳ ಅಗಲದ್ದಲ್ಲ, ಬಹಳ ಹೊತ್ತಿನದೂ ಅಲ್ಲ. ಒಂದೊಂದರ ಆಯುಷ್ಯ ಅರ್ಧ ಗಂಟೆ, ಮುಕ್ಕಾಲು ಗಂಟೆ. ರಸ್ತೆಯ ಈಚೆಯ ಹೊಲ ತೊಯ್ದು ಆಚೆಯದು ಒಣಗಿರುವುದು ಇದರಿಂದಲೇ. ಇಂಥದನ್ನು ಹಿಂದಿನ ದಿನವೇ ಊರ ಹೆಸರು ಹಿಡಿದು ಹೇಳುವುದು ಸಾಧ್ಯವಿಲ್ಲ. ಮೋಡ ಕಟ್ಟಿದ ಮೇಲೆ ರೇಡಾರು ಅದನ್ನು ಕಾಣುತ್ತದೆ. ಆಗ ಇಲಾಖೆಯವರು ಮುಂದಿನ ಮೂರು ಗಂಟೆಗಳ ಮಟ್ಟಿಗೆ ಜಿಲ್ಲೆವಾರು ಎಚ್ಚರಿಕೆ ಕೊಡುತ್ತಾರೆ. ಬೆಳಗಿನ ವರ್ತಮಾನ ದಿನದ ಸ್ವಭಾವವನ್ನು ತಿಳಿಸಿದರೆ ಈ ಮೂರು ಗಂಟೆಯ ಮಾತು ಈಗ ಹೊರಗೆ ಹೊರಡಬೇಕೋ ಬೇಡವೋ ಎಂಬುದನ್ನು ತಿಳಿಸುತ್ತದೆ. ಎರಡಕ್ಕೂ ಅದರದರ ಉಪಯೋಗವಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿದ ‘ದಾಮಿನಿ’ ಎಂಬ ಮೊಬೈಲ್ ಸಾಧನ ಸುತ್ತಲಿನ ಇಪ್ಪತ್ತು, ನಲವತ್ತು ಕಿಲೋಮೀಟರಿನೊಳಗೆ ಮಿಂಚಿದ್ದನ್ನು ತೋರಿಸುತ್ತದೆ. ಪುಣೆಗೂ ಹವಾಮಾನಕ್ಕೂ ನಂಟು ಹಳೆಯದು. 1875ರಲ್ಲಿ ಹುಟ್ಟಿದ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಇಳಿದು ಬಂದಿತ್ತು. ಅದು 1944ರಲ್ಲಿ ದೆಹಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡಕ್ಕೆ ‘ಸಿಮ್ಲಾ ಆಫೀಸು’ ಎಂಬ ಹೆಸರು ಅಂಟಿಕೊಂಡೇ ಉಳಿಯಿತು.

ಮಳೆಗಿಂತ ಮುಂಚೆ ನುಗ್ಗುವ ಧೂಳುಗಾಳಿಯನ್ನು ಲಘುವಾಗಿ ಎಣಿಸಬಾರದು. ಮೋಡದೊಳಗೆ ಮಳೆಯಿಂದ ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಬಿದ್ದು ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಅದೇ ಈ ಗಾಳಿ. 2024ರ ಮೇ 13ರ ಸಂಜೆ ಮುಂಬಯಿಯಲ್ಲಿ ಎದ್ದದ್ದು ಇಂಥದೇ. ಘಾಟಕೋಪರದ ಪೆಟ್ರೋಲ್ ಪಂಪೊಂದರ ಮೇಲೆ ದೈತ್ಯ ಜಾಹೀರಾತು ಫಲಕ ಕುಸಿದು 17 ಜನ ಸತ್ತರು. ಮಳೆ ಬಂತೆಂದು ಆಸರೆಗೆ ನಿಲ್ಲುವಾಗ ತಲೆಯ ಮೇಲೆ ಏನಿದೆ ಎಂದು ನೋಡಿಕೊಳ್ಳುವುದು ಆ ದಿನದಿಂದ ನಮ್ಮಲ್ಲಿ ಕೆಲವರಿಗಾದರೂ ಅಭ್ಯಾಸವಾಗಿದೆ.

ಅದಕ್ಕೂ ಒಂದು ವರ್ಷ ಹಿಂದೆ, 2023ರ ಮೇ 21ರ ಭಾನುವಾರ, ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಒಂದು ಬಾಡಿಗೆ ಕಾರು ಮಳೆನೀರಿನಲ್ಲಿ ಮುಳುಗಿತು. ಅದರಲ್ಲಿದ್ದದ್ದು ನೆರೆರಾಜ್ಯದಿಂದ ಊರು ನೋಡಲು ಬಂದ ಒಂದು ಕುಟುಂಬ; ಅವರೊಡನಿದ್ದ ಇಪ್ಪತ್ತೆರಡರ ಯುವತಿ ಉಳಿಯಲಿಲ್ಲ. ಉಳಿದವರನ್ನು ಎಳೆದು ಬದುಕಿಸಿದರು. ರಜೆಯಲ್ಲಿ ಬೆಂಗಳೂರಿಗೆ ಬರುವ ನಮ್ಮ ಕುಟುಂಬಗಳೂ ಹೀಗೆಯೇ ಸಂಜೆಯ ಹೊತ್ತಿಗೆ ಕಬ್ಬನ್ ಪಾರ್ಕು, ಲಾಲಬಾಗು ಎಂದು ಬಾಡಿಗೆ ಕಾರಿನಲ್ಲಿ ತಿರುಗುತ್ತವೆ. ಕೆಳಸೇತುವೆಯಲ್ಲಿ ನೀರು ಎಷ್ಟಿದೆಯೆಂದು ಮೇಲಿನಿಂದ ತಿಳಿಯದು. ಚಾಲಕ ದಾಟಿಸುತ್ತೇನೆಂದರೂ ಬೇಡಪ್ಪಾ ನಿಲ್ಲಿಸು ಎನ್ನುವ ಅಧಿಕಾರ ಕುಳಿತವರಿಗೆ ಉಂಟು. ಮಧ್ಯಾಹ್ನದ ಸುತ್ತಾಟವನ್ನು ಬೆಳಗಿಗೆ ತಂದುಕೊಂಡರೆ ಬಿಸಿಲೂ ತಪ್ಪೀತು, ಮಳೆಯೂ ತಪ್ಪೀತು.

ಸಿಡಿಲಿನ ವಿಷಯದಲ್ಲಿ ಪಟ್ಟಣದಲ್ಲಿ ಬೆಳೆದ ನಮ್ಮ ಮಕ್ಕಳು ಏನೂ ಅರಿಯರು. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಹೊಲದಲ್ಲಿ ದುಡಿಯುವವರು, ದನ ಕುರಿ ಕಾಯುವವರು, ಮರದಡಿ ನಿಂತವರು. ಊರಲ್ಲಿ ಗಾಳಿಯೆದ್ದ ಕೂಡಲೆ ಹುಡುಗರೆಲ್ಲ ಮಾವಿನ ತೋಪಿಗೆ ಓಡುತ್ತಾರೆ, ಉದುರಿದ ಕಾಯಿ ಆಯಲು. ಮುಂಬಯಿಯಿಂದ ಬಂದ ಮೊಮ್ಮಗನಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೊಂದಿಲ್ಲ. ಅತ್ತ ಅತ್ತೆಸೊಸೆಯರು ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಸಂಡಿಗೆ ಬಾಚಿಕೊಳ್ಳಲು ಮೆಟ್ಟಲು ಹತ್ತುತ್ತಾರೆ. ಸಿಡಿಲಿಗೆ ಇವೆರಡಕ್ಕಿಂತ ತಕ್ಕ ಜಾಗ ಹುಡುಕಿದರೂ ಸಿಗದು! ಮಾವಿನಕಾಯಿ ಮಳೆ ನಿಂತ ಮೇಲೂ ಅಲ್ಲಿಯೇ ಬಿದ್ದಿರುತ್ತದೆ. ಸಂಡಿಗೆ ತೊಯ್ದರೆ ಮರುದಿನ ಇನ್ನೊಮ್ಮೆ ಹಿಟ್ಟು ಕಾಯಿಸಿದರಾಯಿತು.

ಮಕ್ಕಳಿಗೆ ಒಂದು ಲೆಕ್ಕ ಕಲಿಸಿರಿ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಬೇಕು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಎಣಿಕೆ ಮೂವತ್ತಕ್ಕಿಂತ ಕಡಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದೆ. ಆಟ ಬಿಟ್ಟು ಪಕ್ಕಾ ಮನೆಯೊಳಕ್ಕೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಡಬಾರದು. ಒಂಟಿ ಮರ, ತಂತಿ ಬೇಲಿ, ಕೆರೆಯ ನೀರು, ಇವುಗಳಿಂದ ದೂರ. ಮನೆಯೊಳಗೂ ನಲ್ಲಿ, ತಂತಿಯ ಫೋನು, ವಿದ್ಯುತ್ ಉಪಕರಣ ಮುಟ್ಟದಿದ್ದರೆ ಒಳ್ಳೆಯದು. ಸಿಡಿಲು ಬಡಿದವರನ್ನು ಮುಟ್ಟಿದರೆ ತಮಗೂ ತಗಲೀತೆಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಸುಳ್ಳು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಎದೆ ಒತ್ತಿ ಉಸಿರು ಮರಳಿಸುವ ಪ್ರಯತ್ನವನ್ನು ತಕ್ಷಣ ಮಾಡಿದರೆ ಬದುಕುವ ಸಂಭವ ಉಂಟು.

ರಜೆ ಮುಗಿಸಿ ಮರಳುವ ದಿನವನ್ನು ಗೊತ್ತುಮಾಡುವಾಗ ಇನ್ನೊಂದು ಲೆಕ್ಕವೂ ಬೇಕು. ಮುಂಗಾರು ವಾಡಿಕೆಯಂತೆ ಜೂನ್ 1ಕ್ಕೆ ಕೇರಳವನ್ನೂ 11ರ ಹೊತ್ತಿಗೆ ಮುಂಬಯಿಯನ್ನೂ ಮುಟ್ಟುತ್ತದೆ. ಆದರೆ 2025ರಲ್ಲಿ ಅದು ಮೇ 24ಕ್ಕೇ ಕೇರಳಕ್ಕೆ ಬಂತು, 26ಕ್ಕೆ ಮುಂಬಯಿಗೇ ಬಂದಿಳಿಯಿತು. ಜೂನ್ ಮೊದಲ ವಾರಕ್ಕೆ ಟಿಕೇಟು ತೆಗೆಸಿ, ಊರಿನಲ್ಲಿ ಇನ್ನೂ ಬಿಸಿಲೆಂದು ಕೊಡೆಯನ್ನು ಇಲ್ಲಿಯೇ ಬಿಟ್ಟುಹೋದವರು ಆ ವರ್ಷ ದಾದರಿನಲ್ಲಿ ತೊಯ್ದುಕೊಂಡೇ ಇಳಿದಿರಬೇಕು. ಮೇ ಮೂರನೆಯ ವಾರದಿಂದ ಇಲಾಖೆಯ ಪ್ರಕಟಣೆಗಳಲ್ಲಿ ಮುಂಗಾರು ಅಂಡಮಾನ್ ದಾಟಿತೆ ಎಂದು ನೋಡುತ್ತಿರಿ. ಕರಾವಳಿಯ ಸಾಲಿನಲ್ಲಿ ‘ಒಂದೆರಡು ಕಡೆ’ ಹೋಗಿ ‘ಹಲವು ಕಡೆ’, ‘ಬಹುತೇಕ ಎಲ್ಲ ಕಡೆ’ ಎಂದು ಬರತೊಡಗಿದರೆ ಕೊಡೆಗಳನ್ನು ಹೊರತೆಗೆಯುವ ಸಮಯವಾಯಿತು.